ಕೂಡಿಟ್ಟ ದುಡ್ಡಿನ ಹೊರಬಾಗಿಲು: ಕಾಲೇಜು ಫೀಸಿಗೆ ಸುಕನ್ಯಾ, ಪಿಪಿಎಫ್, ಮ್ಯೂಚುವಲ್ ಫಂಡ್ ಒಡೆಯುವಾಗ

ಹೆಣ್ಣುಮಗುವಿನ ಹೆಸರಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆ ಸುಕನ್ಯಾ ಸಮೃದ್ಧಿ ಹೇಗಿದೆ ಎಂದು ಕೇಳಿದರೆ ಬಡ್ಡಿ ದರ ಹೇಳುತ್ತಾರೆ. ಮ್ಯೂಚುವಲ್ ಫಂಡ್ ಹೇಗಿದೆ ಎಂದರೆ ಹತ್ತು ವರ್ಷದ ರಿಟರ್ನ್ ತೋರಿಸುತ್ತಾರೆ. ದುಡ್ಡು ಒಳಗೆ ಹಾಕುವವರಿಗೆ ಅಷ್ಟು ಸಾಕು. ಎರಡನೇ ಪಿಯುಸಿ ಮುಗಿದು, ಸಿಇಟಿ ರ‍್ಯಾಂಕ್ ಬಂದು, ಸೀಟ್ ಹಂಚಿಕೆಯ ಫಲಿತಾಂಶ ನೋಡುತ್ತ ಕೂತ ಮನೆಯವರಿಗೆ ಬೇಕಾದ ಲೆಕ್ಕ ಬೇರೆ. ಇದರಿಂದ ಎಷ್ಟು ತೆಗೆಯಬಹುದು, ಕೈಗೆ ಬರಲು ಎಷ್ಟು ದಿನ, ಯಾವ ಕಾಗದ ಕೇಳುತ್ತಾರೆ, ತೆರಿಗೆಗೆ ಎಷ್ಟು ಹೋಗುತ್ತದೆ? ಈ ಮೂರು ಉಳಿತಾಯಗಳನ್ನು ಇಲ್ಲಿ ಹೊರಬಾಗಿಲಿನಿಂದಷ್ಟೇ ಅಳೆದಿದ್ದೇವೆ.

ಅಳತೆಗೋಲು ಇದು: ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚಿಕೆಯಾಗಲಿ, ಖಾಸಗಿ ಕಾಲೇಜುಗಳ ಕಾಮೆಡ್‌-ಕೆ ಆಗಲಿ, ಸೀಟ್ ಒಪ್ಪಿಕೊಂಡ ಮೇಲೆ ಶುಲ್ಕ ಕಟ್ಟಿ ಕಾಲೇಜಿಗೆ ಹಾಜರಾಗಲು ಸಿಗುವುದು ಕೆಲವೇ ದಿನ. ಗಡುವು ತಪ್ಪಿದರೆ ಸೀಟ್ ಕೈಬಿಡುತ್ತದೆ. ಉದಾಹರಣೆಗೆ ವರ್ಷಕ್ಕೆ 2.5 ಲಕ್ಷ ಫೀಸು, ಹಾಸ್ಟೆಲ್ ಮತ್ತು ಮೆಸ್‌ಗೆ 1.2 ಲಕ್ಷ, ನಾಲ್ಕು ವರ್ಷದ ಬಿಇ ಎಂದಿಟ್ಟುಕೊಳ್ಳೋಣ. ಒಟ್ಟು ಸುಮಾರು 15 ಲಕ್ಷ. ಇದು ಒಂದೇ ಸಲ ಬೇಕಾದ 15 ಲಕ್ಷವಲ್ಲ, ನಾಲ್ಕು ಗೊತ್ತಾದ ತಾರೀಖಿಗೆ ಬೇಕಾದ ನಾಲ್ಕು ಗಂಟು. ಈ ವಿಂಗಡಣೆ ಮಾಡಿಕೊಳ್ಳದೆ ಒಡೆಯಲು ಕೂತವರೇ ಹೆಚ್ಚು ಕಳೆದುಕೊಳ್ಳುವುದು.

ಸುಕನ್ಯಾ ಸಮೃದ್ಧಿ: ಎರಡನೇ ವರ್ಷದಿಂದ ಚೆನ್ನ

2015ರ ಜನವರಿಯಲ್ಲಿ ಶುರುವಾದ ಯೋಜನೆ. ಮೊದಲ ವರ್ಷಗಳಲ್ಲಿ ಖಾತೆ ತೆರೆದ ಹುಡುಗಿಯರು ಈಗ ಕಾಲೇಜಿನ ಬಾಗಿಲಲ್ಲಿದ್ದಾರೆ. 2024ರ ಜನವರಿಯಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಬಡ್ಡಿಗೂ ತೆರಿಗೆಯಿಲ್ಲ, ತೆಗೆದ ದುಡ್ಡಿಗೂ ಇಲ್ಲ. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಓದಿಗೆಂದು ನಡುವೆ ತೆಗೆಯಲು ಹುಡುಗಿಗೆ 18 ತುಂಬಿರಬೇಕು ಅಥವಾ ಹತ್ತನೇ ತರಗತಿ ಪಾಸಾಗಿರಬೇಕು. ಯಾವುದು ಮೊದಲೋ ಅದು. ಹಾಗಾಗಿ ಪಿಯುಸಿ ಫೀಸಿಗೂ ತೆಗೆಯಬಹುದು, ಆದರೆ ಅಲ್ಲಿ ಖರ್ಚು ಮಾಡಿದರೆ ಮುಂದೆ ಕಷ್ಟ.

ಮಿತಿ ಹಿಂದಿನ ಮಾರ್ಚ್ 31ರಂದು ಇದ್ದ ಬಾಕಿಯ ಅರ್ಧ. 2026ರ ಮಾರ್ಚ್ ಕೊನೆಗೆ 12 ಲಕ್ಷ ಇದ್ದರೆ ಮಿತಿ 6 ಲಕ್ಷ. ತುಂಬ ಜನ ಎಡವುವುದು ಇದರ ಮುಂದಿನ ಷರತ್ತಿನಲ್ಲಿ. 6 ಲಕ್ಷದ ಮಿತಿ ಇದೆಯೆಂದು 6 ಲಕ್ಷ ಕೊಡುವುದಿಲ್ಲ. ಪ್ರವೇಶ ಪತ್ರದಲ್ಲೋ ಫೀಸ್ ಸ್ಲಿಪ್‌ನಲ್ಲೋ ನಮೂದಾದ ಶುಲ್ಕದಷ್ಟೇ ಕೊಡುತ್ತಾರೆ. ಸ್ಲಿಪ್‌ನಲ್ಲಿ 2.5 ಲಕ್ಷ ಇದ್ದರೆ ಸಿಗುವುದು 2.5 ಲಕ್ಷ. ಮುಂದಿನದು ಮುಂದಿನ ವರ್ಷ. ವರ್ಷಕ್ಕೆ ಒಂದು ಕಂತು, ಹೆಚ್ಚೆಂದರೆ ಐದು ವರ್ಷ.

ಇಲ್ಲಿ ಒಂದು ಕೆಲಸ ಮುಂಚೆಯೇ ಮಾಡಿಸಿಕೊಳ್ಳಿ. ಹಾಸ್ಟೆಲ್ ಕಾಲೇಜಿನದ್ದೇ ಆದರೆ, ಹಾಸ್ಟೆಲ್ ಮತ್ತು ಮೆಸ್ ಶುಲ್ಕವೂ ಅದೇ ಸ್ಲಿಪ್‌ನಲ್ಲಿ ಬರುವಂತೆ ಕಾಲೇಜಿನ ಲೆಕ್ಕ ವಿಭಾಗದಲ್ಲಿ ಕೇಳಿ. ‘ಫೀಸು ಮತ್ತು ಇತರ ಶುಲ್ಕ’ ಎಂಬ ಮಾತು ನಿಯಮದಲ್ಲಿದೆ, ಆದರೆ ಅದು ಕಾಗದದ ಮೇಲೆ ಇರಬೇಕು. ಹೊರಗಿನ ಪಿಜಿಯ ಬಾಡಿಗೆ, ಲ್ಯಾಪ್‌ಟಾಪ್, ಊರಿಂದ ಓಡಾಟದ ಖರ್ಚು ಇವನ್ನು ಸುಕನ್ಯಾದ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ.

ಅರ್ಜಿ ನಮೂನೆ 3, ಜೊತೆಗೆ ಪಾಸ್‌ಬುಕ್ ಮತ್ತು ಪ್ರವೇಶದ ದಾಖಲೆ. ಹುಡುಗಿಗೆ 18 ತುಂಬಿದ್ದರೆ ಸಹಿ ಅವಳದ್ದೇ ಬೇಕು. ಅಪ್ಪ ಅಥವಾ ಅಮ್ಮನ ಸಹಿ ನಡೆಯುವುದಿಲ್ಲ. ಅದಕ್ಕೂ ಮೊದಲು ಅವಳ ಆಧಾರ್, ಪ್ಯಾನ್ ಕೊಟ್ಟು ಕೆವೈಸಿ ಮುಗಿಸಿ ಖಾತೆ ಅವಳ ಕೈಗೆ ಬಂದಿರಬೇಕು. ಹಾಸನದ ಖಾತೆಗಾಗಿ ಬೆಳಗಾವಿಯ ಹಾಸ್ಟೆಲ್‌ನಿಂದ ಹುಡುಗಿ ಪರೀಕ್ಷೆ ಬಿಟ್ಟು ಬರಬೇಕಾಗುವ ಪ್ರಸಂಗ ಈ ಒಂದು ಕೆಲಸ ಬಾಕಿ ಉಳಿದದ್ದರಿಂದಲೇ ಹುಟ್ಟುತ್ತದೆ. ಹದಿನೆಂಟು ತುಂಬಿದ ತಿಂಗಳಲ್ಲೇ ಮುಗಿಸಿ, ದುಡ್ಡು ಜಮಾ ಆಗಲು ಅದೇ ಶಾಖೆಯಲ್ಲಿ ಅವಳ ಹೆಸರಿನ ಉಳಿತಾಯ ಖಾತೆಯೊಂದನ್ನು ತೆರೆಸಿಡಿ.

ದಾಖಲೆ ಸಿಗುವುದು ಸೀಟ್ ಸಿಕ್ಕ ಮೇಲೆ, ಗಡುವು ಶುರುವಾಗುವುದೂ ಅದೇ ಹೊತ್ತಿಗೆ. ಶಾಖೆಯಲ್ಲಿ ಅರ್ಜಿ ಪರಿಶೀಲನೆಯಾಗಿ ದುಡ್ಡು ಜಮಾ ಆಗುವಷ್ಟರಲ್ಲಿ ಗಡುವು ಮುಗಿದಿದ್ದರೆ ಯಾರೂ ಹೊಣೆಯಲ್ಲ. ಆದ್ದರಿಂದ ಮೊದಲ ವರ್ಷದ ಫೀಸಿಗೆ ಸುಕನ್ಯಾವನ್ನು ನಂಬಬೇಡಿ. ಎರಡನೇ ವರ್ಷದಿಂದ ಕಾಲೇಜು ಫೀಸಿನ ಬೇಡಿಕೆ ಪತ್ರವನ್ನು ಮೊದಲೇ ಕೊಡುತ್ತದೆ; ಆಗ ಇದಕ್ಕಿಂತ ಒಳ್ಳೆಯ ಖಾತೆ ಇಲ್ಲ. ಉಳಿದಷ್ಟು ದುಡ್ಡು 8.2ರಲ್ಲಿ ತೆರಿಗೆಯಿಲ್ಲದೆ ಬೆಳೆಯುತ್ತಲೇ ಇರುತ್ತದೆ.

ಪಿಪಿಎಫ್: ಹದಿನೈದು ತುಂಬಿದ್ದರೆ ಅಪ್ಪಟ ಚಿನ್ನ, ತುಂಬಿಲ್ಲದಿದ್ದರೆ ಲೆಕ್ಕ ಮಾಡಿ

ಪಿಪಿಎಫ್ ಎಂದರೆ ಹದಿನೈದು ವರ್ಷದ ಸರ್ಕಾರಿ ಉಳಿತಾಯ ಖಾತೆ (ಪಬ್ಲಿಕ್ ಪ್ರಾವಿಡೆಂಟ್ ಫಂಡ್). ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1. ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ ಐದು ವರ್ಷ ಕಳೆದರೆ ಭಾಗಶಃ ತೆಗೆಯಬಹುದು, ವರ್ಷಕ್ಕೆ ಒಮ್ಮೆ. ಯಾತಕ್ಕೆಂದು ಕೇಳುವುದಿಲ್ಲ, ಫೀಸ್ ಸ್ಲಿಪ್ ಬೇಡ, ನಮೂನೆ 2 ಸಾಕು. ಸುಕನ್ಯಾಕ್ಕಿಂತ ಈ ವಿಷಯದಲ್ಲಿ ಸರಳ.

ಮಿತಿಯ ಲೆಕ್ಕ ಮಾತ್ರ ಹಲವರಿಗೆ ಆಘಾತ ಕೊಡುತ್ತದೆ. ‘ಅರ್ಧ ಬಾಕಿ ತೆಗೆಯಬಹುದು’ ಎಂಬುದು ಅರ್ಧ ನಿಜ. ಹಿಂದಿನ ವರ್ಷದ ಕೊನೆಯ ಬಾಕಿ ಮತ್ತು ಹಿಂದಿನ ನಾಲ್ಕನೇ ವರ್ಷದ ಕೊನೆಯ ಬಾಕಿ, ಇವೆರಡರಲ್ಲಿ ಕಡಿಮೆ ಇರುವುದರ ಅರ್ಧ. 2026-27ರಲ್ಲಿ ತೆಗೆಯುವುದಾದರೆ ನೋಡಬೇಕಾದ ತಾರೀಖು 2023ರ ಮಾರ್ಚ್ 31. ಆ ದಿನ 9 ಲಕ್ಷ ಇದ್ದು, ವರ್ಷಕ್ಕೆ ಒಂದು ಲಕ್ಷ ಹಾಕುತ್ತ 2026ರ ಮಾರ್ಚ್‌ಗೆ ಸುಮಾರು 14.5 ಲಕ್ಷ ಆಗಿದೆ ಎನ್ನಿ. ಪಾಸ್‌ಬುಕ್ ನೋಡಿ 7.25 ಲಕ್ಷ ಸಿಗುತ್ತದೆಂದು ನಂಬಿಕೊಂಡಿರುತ್ತಾರೆ, ಸಿಗುವುದು 4.5 ಲಕ್ಷ. ಇದು ಗೊತ್ತಾಗುವುದು ಕೌಂಟರ್ ಮುಂದೆ ನಿಂತಾಗ ಆಗಬಾರದು. ಹಳೆಯ ಪಾಸ್‌ಬುಕ್ ಪುಟ ತಿರುವಿ ಆ ತಾರೀಖಿನ ಬಾಕಿಯನ್ನು ಈಗಲೇ ಬರೆದಿಟ್ಟುಕೊಳ್ಳಿ.

‘ವರ್ಷಕ್ಕೆ ಒಮ್ಮೆ’ ಎಂಬುದು ಹಣಕಾಸು ವರ್ಷ, ಅಂದರೆ ಏಪ್ರಿಲ್‌ನಿಂದ ಮಾರ್ಚ್. ಕಾಲೇಜಿನ ವರ್ಷ ಮಳೆಗಾಲದಲ್ಲಿ ಶುರುವಾಗುವುದರಿಂದ ಒಂದು ಶೈಕ್ಷಣಿಕ ವರ್ಷದೊಳಗೆ ಎರಡು ಸಲ ತೆಗೆಯುವ ಅವಕಾಶ ಇದೆ: ಜುಲೈಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ.

ತೆಗೆಯುವ ದಿನವೂ ಮುಖ್ಯ. ಪಿಪಿಎಫ್‌ಗೂ ಸುಕನ್ಯಾಕ್ಕೂ ತಿಂಗಳ ಬಡ್ಡಿ ಲೆಕ್ಕವಾಗುವುದು 5ನೇ ತಾರೀಖಿನ ಕೊನೆಯಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಬಾಕಿಯ ಮೇಲೆ. ಜೂನ್ 28ಕ್ಕೆ 4.5 ಲಕ್ಷ ತೆಗೆದರೆ ಆ ಮೊತ್ತಕ್ಕೆ ಇಡೀ ಜೂನ್ ಬಡ್ಡಿ ಹೋಯಿತು, ಸುಮಾರು 2,660 ರೂಪಾಯಿ. ಜುಲೈ 1ಕ್ಕೆ ತೆಗೆದಿದ್ದರೆ ಉಳಿಯುತ್ತಿತ್ತು. ಒಂದು ಸೆಮಿಸ್ಟರಿನ ಪುಸ್ತಕದ ದುಡ್ಡು ಅದು.

ಉನ್ನತ ಶಿಕ್ಷಣಕ್ಕೆಂದು ಐದು ವರ್ಷದ ಮೇಲೆ ಖಾತೆಯನ್ನೇ ಮುಚ್ಚಬಹುದು ಎಂಬ ನಿಯಮ ಇದೆ. ಪ್ರವೇಶ ಪತ್ರ, ಫೀಸ್ ಬಿಲ್ ಕೊಟ್ಟರೆ ಸಾಕು. ನಮ್ಮ ಸಲಹೆ: ಬೇಡ. ಮುಚ್ಚಿದರೆ ಖಾತೆ ತೆರೆದ ದಿನದಿಂದಲೇ ಬಡ್ಡಿಯನ್ನು ಶೇ 1ರಷ್ಟು ಇಳಿಸಿ ಮತ್ತೆ ಲೆಕ್ಕ ಹಾಕುತ್ತಾರೆ. ಹತ್ತು ಹನ್ನೆರಡು ವರ್ಷದ ಖಾತೆಯಲ್ಲಿ ಅದು ಸಣ್ಣ ಮೊತ್ತವಲ್ಲ.

ಹದಿನೈದು ವರ್ಷ ತುಂಬಿದ ಖಾತೆಯದ್ದು ಬೇರೆಯೇ ಕಥೆ. 2010-11ರಲ್ಲಿ ತೆರೆದದ್ದು 2026ರ ಮಾರ್ಚ್ 31ಕ್ಕೆ ಪಕ್ವ. ಆಗ ಪೂರ್ತಿ ತೆಗೆದು ಉಳಿತಾಯ ಖಾತೆಗೆ ಸುರಿಯುವುದು ದೊಡ್ಡ ತಪ್ಪು. ಹೊಸ ಕಂತು ಕಟ್ಟದೆ ಖಾತೆಯನ್ನು ಮುಂದುವರಿಸಿದರೆ ಇಡೀ ಬಾಕಿಗೆ 7.1 ಬರುತ್ತಲೇ ಇರುತ್ತದೆ, ವರ್ಷಕ್ಕೆ ಒಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು, ತೆರಿಗೆ ಇಲ್ಲ, ಮಾರುಕಟ್ಟೆಯ ಭಯ ಇಲ್ಲ. ನಾಲ್ಕು ವರ್ಷದ ಫೀಸಿಗೆ ಹೇಳಿ ಮಾಡಿಸಿದ ಪೆಟ್ಟಿಗೆ. ಕಂತು ಕಟ್ಟುತ್ತ ಮುಂದುವರಿಸಿದರೆ ಮಾತ್ರ ಐದು ವರ್ಷದ ಅವಧಿಯಲ್ಲಿ ಆರಂಭದ ಬಾಕಿಯ ಶೇ 60ರ ಮಿತಿ ಬೀಳುತ್ತದೆ. ಫೀಸು ಹತ್ತಿರವಿರುವವರು ಆ ನಮೂನೆಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಮ್ಯೂಚುವಲ್ ಫಂಡ್: ಬಾಗಿಲು ದೊಡ್ಡದು, ಹೊಸ್ತಿಲು ಎತ್ತರ

ದುಡ್ಡು ಬೇಗ ಕೈಗೆ ಬರುವುದು ಇದರಲ್ಲೇ. ಮಧ್ಯಾಹ್ನ 3 ಗಂಟೆಯೊಳಗೆ ವಿನಂತಿ ಹಾಕಿದರೆ ಆ ದಿನದ ಎನ್‌ಎವಿ (ಒಂದು ಯೂನಿಟ್‌ನ ಬೆಲೆ); ಈಕ್ವಿಟಿ (ಷೇರು) ಫಂಡ್‌ನ ದುಡ್ಡು ಸಾಮಾನ್ಯವಾಗಿ ಎರಡು ಕೆಲಸದ ದಿನಕ್ಕೆ, ಅಲ್ಪಾವಧಿ ಸಾಲಪತ್ರಗಳಲ್ಲಿ ಹಾಕುವ ಲಿಕ್ವಿಡ್ ಫಂಡ್‌ನದ್ದು ಮರುದಿನಕ್ಕೆ ಬರುತ್ತದೆ. ಶುಕ್ರವಾರ 3 ಗಂಟೆ ದಾಟಿ ಹಾಕಿದರೆ ಅದು ಸೋಮವಾರದ ವಿನಂತಿ, ದುಡ್ಡು ಬುಧವಾರ. ನಡುವೆ ರಜೆ ಬಂದರೆ ಗುರುವಾರ. ಗಡುವು ಮಂಗಳವಾರ ಇದ್ದವರಿಗೆ ಇದು ಸಾಕಾಗುವುದಿಲ್ಲ.

ವೇಗಕ್ಕಿಂತ ದೊಡ್ಡ ಸಮಸ್ಯೆ ಬೆಲೆ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಮುಟ್ಟಿ, ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಬಿದ್ದಿತು. ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. ಆ ನಡುವೆ ಎರಡು ಮಳೆಗಾಲದ ಫೀಸು ಕಟ್ಟಬೇಕಾಗಿತ್ತು. 2020ರ ಜನವರಿಯಲ್ಲಿ 12,400 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಇಳಿಯಿತು. ಮಾರುಕಟ್ಟೆ ಎರಡು ಸಲವೂ ಎದ್ದು ನಿಂತಿತು, ಆದರೆ ಕಾಲೇಜಿನ ಗಡುವು ಅದಕ್ಕಾಗಿ ಕಾಯುವುದಿಲ್ಲ.

ಹಾಗಾಗಿ ನಾವು ಗಟ್ಟಿಯಾಗಿ ಹೇಳುವ ನಿಯಮ ಒಂದೇ: ಯಾವ ವರ್ಷದ ಫೀಸೋ, ಆ ದುಡ್ಡು ಎರಡು ವರ್ಷ ಮುಂಚೆಯೇ ಈಕ್ವಿಟಿಯಿಂದ ಹೊರಬರಬೇಕು, ವರ್ಷಕ್ಕೊಂದು ತುಂಡಿನಂತೆ. ಮೊದಲ ವರ್ಷದ ಫೀಸನ್ನು ಮಗು ಪ್ರಥಮ ಪಿಯುಸಿಗೆ ಸೇರುವಾಗ ತೆಗೆಯಿರಿ. ಎರಡನೇ ವರ್ಷದ್ದನ್ನು ದ್ವಿತೀಯ ಪಿಯುಸಿ ಶುರುವಾದಾಗ, ಮೂರನೆಯದನ್ನು ಬಿಇ ಮೊದಲ ವರ್ಷದಲ್ಲಿ, ನಾಲ್ಕನೆಯದನ್ನು ಎರಡನೇ ವರ್ಷದಲ್ಲಿ.

ಇದರಿಂದ ತೆರಿಗೆಯೂ ಇಳಿಯುತ್ತದೆ, ಅದೂ ಅಷ್ಟಿಷ್ಟಲ್ಲ. 2024ರ ಜುಲೈ 23ರಿಂದ ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಲೆಕ್ಕ ಹಾಕಿ ನೋಡಿ. 10 ಲಕ್ಷ ತೆಗೆಯಬೇಕು, ಅದರಲ್ಲಿ 6 ಲಕ್ಷ ಲಾಭ. ಒಂದೇ ವರ್ಷದಲ್ಲಿ ತೆಗೆದರೆ ತೆರಿಗೆ ಬೀಳುವುದು 4.75 ಲಕ್ಷಕ್ಕೆ: ಸೆಸ್ ಸೇರಿ 61,750 ರೂಪಾಯಿ. 2.5 ಲಕ್ಷದ ನಾಲ್ಕು ತುಂಡಾಗಿ ನಾಲ್ಕು ವರ್ಷ ತೆಗೆದರೆ ಪ್ರತಿ ತುಂಡಿನ ಲಾಭ 1.5 ಲಕ್ಷ, ತೆರಿಗೆ 25,000ಕ್ಕೆ ಮಾತ್ರ: ವರ್ಷಕ್ಕೆ 3,250, ಒಟ್ಟು 13,000. ಉಳಿದದ್ದು 48,750 ರೂಪಾಯಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಫೋಲಿಯೋ (ಫಂಡ್ ಖಾತೆ) ಇದ್ದರೆ ಇಬ್ಬರಿಗೂ ಬೇರೆ ಬೇರೆ 1.25 ಲಕ್ಷ.

ತಡವಾಗಿ ಎಚ್ಚರವಾದವರಿಗೂ ಒಂದು ದಾರಿ ಇದೆ. ಮಗು ಈಗಾಗಲೇ ದ್ವಿತೀಯ ಪಿಯುಸಿಯಲ್ಲಿದ್ದರೆ ಮಾರ್ಚ್ ಕೊನೆಯ ವಾರ ಒಂದು ತುಂಡು, ಏಪ್ರಿಲ್ ಮೊದಲ ವಾರ ಇನ್ನೊಂದು ತೆಗೆಯಿರಿ. ನಡುವೆ ಹತ್ತೇ ದಿನ, ಆದರೆ ಎರಡು ಹಣಕಾಸು ವರ್ಷ, ಎರಡು ಸಲ ವಿನಾಯಿತಿ.

ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಇನ್ನೂ ನಡೆಯುತ್ತಿರುವವರು ಒಂದು ಗಮನಿಸಿ: ಪ್ರತಿ ಕಂತಿಗೂ ಅದರದ್ದೇ ಒಂದು ವರ್ಷ. ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಗುತ್ತದೆ, ಆದ್ದರಿಂದ ಭಾಗಶಃ ತೆಗೆಯುವವರಿಗೆ ತೊಂದರೆಯಿಲ್ಲ. ಪೂರ್ತಿ ಖಾಲಿ ಮಾಡಿದರೆ ಕೊನೆಯ ಹನ್ನೆರಡು ಕಂತುಗಳ ಲಾಭಕ್ಕೆ ಶೇ 20 ತೆರಿಗೆ, ಮೇಲೆ ಹಲವು ಫಂಡ್‌ಗಳಲ್ಲಿ ಶೇ 1 ಎಕ್ಸಿಟ್ ಲೋಡ್ (ಬೇಗ ಹೊರಬಂದದ್ದಕ್ಕೆ ದಂಡ). ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡ್ ಆದರೆ ಪ್ರತಿ ಕಂತಿಗೂ ಮೂರು ವರ್ಷದ ಬೀಗ.

ತೆಗೆದ ತುಂಡನ್ನು ಎಲ್ಲಿಡುವುದು? ಜೂನ್ ಮೊದಲ ವಾರಕ್ಕೆ ಮುಗಿಯುವಂತೆ ಲೆಕ್ಕ ಹಾಕಿದ ಎಫ್‌ಡಿ ಹೆಚ್ಚಿನವರಿಗೆ ಸಾಕು. ನಾಲ್ಕು ವರ್ಷಕ್ಕೆ ನಾಲ್ಕು ಬೇರೆ ಎಫ್‌ಡಿ ಮಾಡಿ. ಒಂದೇ ದೊಡ್ಡದು ಮಾಡಿದರೆ ಅರ್ಧ ಬೇಕಾದಾಗ ಇಡೀ ಒಡೆದು ದಂಡ ಕಟ್ಟಬೇಕಾದೀತು. ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಆರ್ಬಿಟ್ರೇಜ್ ಫಂಡ್ (ಷೇರಿನ ಎರಡು ಮಾರುಕಟ್ಟೆಗಳ ಬೆಲೆ ವ್ಯತ್ಯಾಸದಿಂದ ಗಳಿಸುವಂಥದ್ದು) ಮೇಲು, ಅದಕ್ಕೆ ಈಕ್ವಿಟಿಯ ತೆರಿಗೆಯೇ ಅನ್ವಯ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ (ಸಾಲಪತ್ರಗಳ) ಫಂಡ್‌ಗೆ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯದ ಹಂತದ ದರವೇ, ಹಾಗಾಗಿ ಅದರ ಹಳೆಯ ಆಕರ್ಷಣೆ ಉಳಿದಿಲ್ಲ.

ಎಸ್‌ಡಬ್ಲ್ಯುಪಿ ಬಗ್ಗೆ ಬಿಡಿಸಿ ಹೇಳಬೇಕು

ಈಕ್ವಿಟಿ ಫಂಡ್‌ನಿಂದ ನೇರವಾಗಿ ಎಸ್‌ಡಬ್ಲ್ಯುಪಿ (ಪ್ರತಿ ತಿಂಗಳು ನಿಗದಿತ ಮೊತ್ತ, ಉದಾಹರಣೆಗೆ 20,000, ತಾನಾಗಿ ತೆಗೆಯುವ ಏರ್ಪಾಡು) ಹಾಕಿಕೊಟ್ಟು ‘ತಿಂಗಳು ತಿಂಗಳು ಫೀಸು ಬರುತ್ತದೆ’ ಎನ್ನುವ ಸಲಹೆ ಈಗ ಎಲ್ಲೆಲ್ಲೂ ಕೇಳುತ್ತದೆ. ಕಾಲೇಜಿಗೆ ಇದು ಹೊಂದುವುದಿಲ್ಲ. ಫೀಸು ತಿಂಗಳಿಗೊಮ್ಮೆ ಕಟ್ಟುವುದಲ್ಲ, ವರ್ಷಕ್ಕೆ ಒಂದೋ ಎರಡೋ ಸಲ. ಎನ್‌ಎವಿ ಬಿದ್ದ ತಿಂಗಳಲ್ಲಿ ಅದೇ 20,000 ಕೊಡಲು ಹೆಚ್ಚು ಯೂನಿಟ್ ಮಾರಾಟವಾಗುತ್ತವೆ, ಮಾರುಕಟ್ಟೆ ಎದ್ದಾಗ ಏಳಲು ಅವು ಅಲ್ಲಿ ಇರುವುದಿಲ್ಲ.

ಎಸ್‌ಡಬ್ಲ್ಯುಪಿಗೆ ತಕ್ಕ ಜಾಗ ಇದೆ: ಲಿಕ್ವಿಡ್ ಅಥವಾ ಆರ್ಬಿಟ್ರೇಜ್ ಫಂಡ್‌ನಲ್ಲಿ ಆ ವರ್ಷದ ಮೆಸ್, ಪಿಜಿ, ಬಸ್ ಪಾಸ್‌ನ 1.2 ಲಕ್ಷ ಇಟ್ಟು ತಿಂಗಳಿಗೆ 10,000 ಬರುವಂತೆ ಮಾಡುವುದು. ಅದು ಕೂಡ ಮಗನ ಅಥವಾ ಮಗಳ ಖಾತೆಗೆ ನೇರ ಹೋಗುವುದಿಲ್ಲ. ಫಂಡ್‌ನ ದುಡ್ಡು ಫೋಲಿಯೋದಲ್ಲಿ ನೋಂದಾಯಿಸಿದ ಹೂಡಿಕೆದಾರರ ಸ್ವಂತ ಖಾತೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮುಂದೆ ಕಳಿಸಲು ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಎಸ್‌ಡಬ್ಲ್ಯುಪಿ 1ನೇ ತಾರೀಖಿಗೆ ಇದ್ದರೆ ಬ್ಯಾಂಕಿನದ್ದು 7ಕ್ಕಿಡಿ, ರಜೆ ಬಂದರೂ ಅಂತರ ಉಳಿಯುತ್ತದೆ.

ಮಗುವಿನ ಹೆಸರಿನ ಫೋಲಿಯೋ: ಹದಿನೆಂಟರ ಬೀಗ

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ಹಾಗಾಗಿ ಪಾಲಕರು ಹೆಚ್ಚು ಸಿಕ್ಕಿಬೀಳುವುದೂ ಇಲ್ಲೇ. ಫೋಲಿಯೋ ಮಗುವಿನ ಹೆಸರಲ್ಲಿದ್ದರೆ, ಮಗುವಿಗೆ 18 ತುಂಬಿದ ದಿನದಿಂದ ಪಾಲಕರ ಸಹಿಯ ಅಧಿಕಾರ ಮುಗಿಯುತ್ತದೆ. ಎಸ್‌ಐಪಿ, ಎಸ್‌ಡಬ್ಲ್ಯುಪಿ ಎಲ್ಲ ನಿಲ್ಲುತ್ತವೆ, ಒಂದು ರೂಪಾಯಿಯೂ ತೆಗೆಯಲಾಗುವುದಿಲ್ಲ. ಬಿಡಿಸಲು ಮಗುವಿನ ಸ್ವಂತ ಪ್ಯಾನ್, ಸ್ವಂತ ಕೆವೈಸಿ, ವಯಸ್ಕರ ಬ್ಯಾಂಕ್ ಖಾತೆ, ರದ್ದು ಮಾಡಿದ ಚೆಕ್, ದೃಢೀಕರಿಸಿದ ಸಹಿ, ಜೊತೆಗೆ ‘ಮೈನರ್ ಅಟೈನಿಂಗ್ ಮೆಜಾರಿಟಿ’ ಅರ್ಜಿ ಬೇಕು. ಪ್ಯಾನ್‌ನಿಂದ ಶುರು ಮಾಡಿದರೆ ವಾರಗಳೇ ಬೇಕು. ಹದಿನೆಂಟು ತುಂಬುವುದೂ ಸೀಟ್ ಸಿಗುವುದೂ ಹೆಚ್ಚುಕಡಿಮೆ ಒಂದೇ ಬೇಸಿಗೆಯಲ್ಲಿ. ಹುಟ್ಟುಹಬ್ಬಕ್ಕೆ ಮೂರು ತಿಂಗಳಿರುವಾಗಲೇ ಕಾಗದ ಒಟ್ಟುಮಾಡಿ. 18 ತುಂಬುವ ಮೊದಲೇ ತೆಗೆಯುವುದಾದರೂ 2023ರ ಸೆಬಿ ನಿಯಮದಂತೆ ದುಡ್ಡು ಬರುವುದು ಮಗುವಿನ ಹೆಸರಿನ ಪರಿಶೀಲಿತ ಖಾತೆಗೆ ಮಾತ್ರ, ಅಪ್ಪನ ಖಾತೆಗಲ್ಲ.

ಇಷ್ಟು ಕಷ್ಟಕ್ಕೆ ಪ್ರತಿಫಲವೂ ಇದೆ. 18ಕ್ಕೆ ಮುಂಚೆ ತೆಗೆದರೆ ಲಾಭ ಹೆಚ್ಚು ಆದಾಯದ ಪಾಲಕರ ಲೆಕ್ಕಕ್ಕೆ ಸೇರುತ್ತದೆ. 18 ತುಂಬಿದ ಮೇಲೆ ಅದು ಮಗುವಿನದ್ದೇ ಆದಾಯ. ಬೇರೆ ಗಳಿಕೆ ಇಲ್ಲದ, ಭಾರತದಲ್ಲೇ ವಾಸವಿರುವ ವಿದ್ಯಾರ್ಥಿಗೆ ಹೊಸ ತೆರಿಗೆ ಪದ್ಧತಿಯ 4 ಲಕ್ಷದ ಮೂಲ ಮಿತಿಯೂ ದೀರ್ಘಾವಧಿ ಲಾಭಕ್ಕೆ ಹೊಂದುತ್ತದೆ, ಮೇಲೆ 1.25 ಲಕ್ಷದ ವಿನಾಯಿತಿ. 5 ಲಕ್ಷ ಲಾಭ ಇದ್ದರೂ ತೆರಿಗೆ ಸೊನ್ನೆ, ರಿಟರ್ನ್ ಮಾತ್ರ ಸಲ್ಲಿಸಬೇಕು. ಆದ್ದರಿಂದ ಹುಟ್ಟುಹಬ್ಬ ಜೂನ್‌ನಲ್ಲಿದ್ದರೆ ಮೇಯಲ್ಲಿ ಆತುರಪಟ್ಟು ಒಡೆಯಬೇಡಿ.

ಕೊನೆಯ ಕ್ಷಣದಲ್ಲಿ ಕೈಕೊಡುವ ಸಣ್ಣ ಸಂಗತಿಗಳು

ಕರ್ನಾಟಕದವರಿಗೆ ವಿಶೇಷವಾಗಿ ಇದು: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮಗು ಚಿಕ್ಕದಿದ್ದಾಗ ತೆರೆದ ಫೋಲಿಯೋದಲ್ಲಿ ಹಳೆಯ ಐಎಫ್‌ಎಸ್‌ಸಿ ಹಾಗೇ ಕೂತಿದ್ದರೆ ದುಡ್ಡು ಹೊರಟು ವಾಪಸ್ಸಾಗುತ್ತದೆ. ಖಾತೆ ಬದಲಿಸಲು ಅರ್ಜಿ ಕೊಟ್ಟರೆ ಹೊಸ ಖಾತೆಗೆ ದುಡ್ಡು ಬಿಡುವ ಮುನ್ನ ಫಂಡ್ ಸಂಸ್ಥೆಗಳು ಸಾಮಾನ್ಯವಾಗಿ ಹತ್ತು ದಿನ ಕಾಯುತ್ತವೆ. ಈ ಹತ್ತು ದಿನ ಸೀಟ್ ಹಂಚಿಕೆಯ ನಡುವೆ ಬಂದರೆ ಸಾಲವೇ ಗತಿ. ಜನವರಿಯಲ್ಲೇ 500 ರೂಪಾಯಿ ತೆಗೆದು ನೋಡಿ. ಖಾತೆಗೆ ಬಂತೆಂದರೆ ಬಾಗಿಲು ತೆರೆದಿದೆ.

ಕೆವೈಸಿ ‘ಆನ್ ಹೋಲ್ಡ್’ ಎಂದಿದ್ದರೆ ವ್ಯವಹಾರ ನಡೆಯುವುದಿಲ್ಲ, ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಚಾಲ್ತಿಯಲ್ಲಿದೆಯೇ ನೋಡಿ. ಜಂಟಿ ಫೋಲಿಯೋ ‘ಇಬ್ಬರೂ’ ಎಂದಿದ್ದರೆ ಇಬ್ಬರ ಒಪ್ಪಿಗೆಯೂ ಬೇಕು. ನೆಟ್ ಬ್ಯಾಂಕಿಂಗ್‌ನಲ್ಲಿ ಕಾಲೇಜಿನ ಖಾತೆಯನ್ನು ಹೊಸದಾಗಿ ಸೇರಿಸಿದ ಮೊದಲ ದಿನ ಬ್ಯಾಂಕುಗಳು ಸಣ್ಣ ಮಿತಿ ಹಾಕುತ್ತವೆ, ಫೀಸಿನ ಮೊತ್ತ ಅದರಲ್ಲಿ ಹೋಗಲಿಕ್ಕಿಲ್ಲ.

ನಮ್ಮ ಕ್ರಮ ಹೀಗೆ. ಮೊದಲ ವರ್ಷಕ್ಕೆ ಜೂನ್‌ನಲ್ಲಿ ಮುಗಿಯುವ ಎಫ್‌ಡಿ ಅಥವಾ ಲಿಕ್ವಿಡ್ ಫಂಡ್. ಎರಡನೇ ವರ್ಷದಿಂದ ಫೀಸ್ ಸ್ಲಿಪ್ ಹಿಡಿದು ಸುಕನ್ಯಾ. ಗಂಡುಮಕ್ಕಳ ಮನೆಯಲ್ಲಿ ಆ ಜಾಗಕ್ಕೆ ಪಕ್ವವಾದ ಪಿಪಿಎಫ್. ಈಕ್ವಿಟಿಯಿಂದ ಬಂದ ತುಂಡುಗಳು ಕೊನೆಯ ಎರಡು ವರ್ಷಕ್ಕೆ. ನೌಕರಿಯ ಪಿಎಫ್ ಮುಟ್ಟಬೇಡಿ, ಅದು ನಿಮ್ಮ ಮುಪ್ಪಿನ ದುಡ್ಡು. ಮುಪ್ಪಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಓದಿಗೆ ಕೊಡುತ್ತದೆ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಮಾರ್ಜಿನ್ ಹಣ (ನಾವು ಕೈಯಿಂದ ಹಾಕುವ ಪಾಲು) ಬೇಡ, ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಮಾರುಕಟ್ಟೆ ಬಿದ್ದ ವರ್ಷ ಮೂರನೇ ತುಂಡನ್ನು ನಷ್ಟಕ್ಕೆ ಮಾರುವ ಬದಲು 2.5 ಲಕ್ಷದ ಸಾಲ ತೆಗೆದು, ಮಾರುಕಟ್ಟೆ ಎದ್ದಾಗ ಯೂನಿಟ್ ಮಾರಿ ತೀರಿಸುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಸಾಲದ ಅರ್ಜಿಗೂ ಅದೇ ಪ್ರವೇಶ ಪತ್ರ, ಅದೇ ಫೀಸ್ ಸ್ಲಿಪ್ ಬೇಕು. ಅವುಗಳ ದೃಢೀಕೃತ ಪ್ರತಿ ನಾಲ್ಕು ಮಾಡಿಸಿಟ್ಟುಕೊಳ್ಳಿ.